ಬಕ್ರಾ ಅನ್ನುವುದು ಯಾರ ಮಾತು?

ಮೋಸಗಾರನಿಗೆ ಕನ್ನಡ ಎಷ್ಟೊಂದು ಕೆಲಸ ಕೊಟ್ಟಿದೆ ನೋಡಿ: ಟೋಪಿ ಹಾಕುತ್ತಾನೆ, ಪಂಗನಾಮ ಎಳೆಯುತ್ತಾನೆ, ಮಂಕುಬೂದಿ ಎರಚುತ್ತಾನೆ, ಕಿವಿ ಮೇಲೆ ಹೂ ಇಡುತ್ತಾನೆ, ಚಳ್ಳೆಹಣ್ಣು ತಿನ್ನಿಸುತ್ತಾನೆ. ಮೋಸ ಹೋದವನದು ತಲೆ, ಹಣೆ, ಕಿವಿ, ಬಾಯಿ ಒಡ್ಡಿಕೊಂಡು ಕೂರುವುದಷ್ಟೇ.

ಪುಣೆಗೆ ಬಂದ ಮೇಲೆ ಈ ಬಡಪಾಯಿಗೆ ಇನ್ನೂ ಏನೇನು ಹೆಸರಿದೆ ಎಂದು ಗೊತ್ತಾಯಿತು. ಮರಾಠಿಯವರು ಅವನನ್ನು ಮಾಮಾ ಮಾಡುತ್ತಾರೆ. ‘ತ್ಯಾಲಾ ಮಾಮಾ ಬನವ್ಲಾ’ ಎಂದು ಆಫೀಸಿನಲ್ಲಿ ನಗುವಾಗ, ಸೋದರಮಾವನ ಎದುರು ದನಿ ಎತ್ತದೆ ಬೆಳೆದ ನನಗೆ ಕಸಿವಿಸಿ. (ಸ್ಪ್ಯಾನಿಷ್‌ನಲ್ಲಿ ಈ ಪಾಡು ‘ಪ್ರೀಮೊ’ನದು, ಅಂದರೆ ಚಿಕ್ಕಪ್ಪ, ಸೋದರಮಾವಂದಿರ ಮಗನದು. ನೆಂಟರಿಗೆ ಎಲ್ಲೂ ಸುಖವಿಲ್ಲ.) ಹಿಂದಿಯವರು ಉಲ್ಲೂ ಮಾಡುತ್ತಾರೆ. ಗೂಬೆ ನಮ್ಮಲ್ಲೂ ಉಂಟು, ಆದರೆ ನಾವು ಅದನ್ನು ಕೂರಿಸುವುದು ತಪ್ಪು ಹೊರಿಸುವುದಕ್ಕೆ. ಇಂಗ್ಲಿಷಿನ ‘ಡ್ಯೂಪ್’ ಬಂದದ್ದು ಫ್ರೆಂಚಿನಿಂದ, ಅದರ ಹಿಂದೆ ಇರುವುದು ಚಂದ್ರಮುಕುಟ ಹಕ್ಕಿ ಎನ್ನುತ್ತಾರೆ.

ಈಗ ಪುಣೆಯಲ್ಲೂ ಬೆಂಗಳೂರಲ್ಲೂ ಗೆದ್ದಿರುವುದು ಹಿಂದಿಯ ಬಕ್ರಾ. ನಮಗದು ತೀರಾ ಹೊಸದೇನಲ್ಲ. ಕುರಿ ಮಾಡುವುದು ನಮಗೂ ಗೊತ್ತು, ಮಿಕವೂ ಇದೆ. ಮಿಕ ಎಂದರೆ ಮೃಗ, ಬೇಟೆಯ ಪ್ರಾಣಿ. ‘ಒಳ್ಳೇ ಮಿಕ ಸಿಕ್ತು’ ಅನ್ನುವವನು ಬಲೆ ಹಾಕಿದವನೇ ಹೊರತು ಬಿದ್ದವನಲ್ಲ. ನನ್ನ ತಕರಾರು ಇಲ್ಲಿದೆ. ಕುರಿ, ಮಿಕ, ಬಕ್ರಾ ಎಲ್ಲವೂ ಕತ್ತಿ ಹಿಡಿದವನ ಕಡೆಯ ಮಾತುಗಳು. ಅವನ್ನು ನಾವು ಮನೆಯೊಳಗೆ, ನಮ್ಮವರ ಮೇಲೆ ಬಳಸುತ್ತಿದ್ದೇವೆ.

ಮನೆಯ ಮಾತು ಬೇರೆ ಇತ್ತು: ಭೋಳೆ. ‘ಅವನು ಭೋಳೆ ಸ್ವಭಾವದವನು, ಕೇಳಿದ್ದೆಲ್ಲ ಕೊಟ್ಟುಬಿಡ್ತಾನೆ’ ಅನ್ನುವಾಗ ಬೈಗುಳಕ್ಕಿಂತ ಕಾಳಜಿಯೇ ಹೆಚ್ಚು. ಮರಾಠಿಯಲ್ಲಿ ಇದು ಭೋಳಾ, ಅವರ ಭೋಳಾ ಸಾಂಬನೇ ನಮ್ಮ ಭೋಳೇಶಂಕರ. ತಲೆ ಮೇಲೆ ಕೈಯಿಟ್ಟರೆ ಸುಟ್ಟು ಬೂದಿಯಾಗಬೇಕೆಂದು ಭಸ್ಮಾಸುರ ಕೇಳಿದ, ಶಿವ ಹಿಂದೆಮುಂದೆ ನೋಡದೆ ಕೊಟ್ಟ, ಅವನು ಮೊದಲ ಪ್ರಯೋಗಕ್ಕೆ ಕೊಟ್ಟವನ ತಲೆಯನ್ನೇ ಆರಿಸಿಕೊಂಡ. ಇದಕ್ಕಿಂತ ದೊಡ್ಡ ಟೋಪಿ ಉಂಟೇ? ಆದರೂ ಶಿವನನ್ನು ಯಾರೂ ಬಕ್ರಾ ಅನ್ನಲಿಲ್ಲ.

ನಮ್ಮ ಕಟ್ಟಡದ ನಿವೃತ್ತ ಮೇಷ್ಟ್ರೊಬ್ಬರು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದ ಫೋನಿಗೆ ದುಡ್ಡು ಕಳೆದುಕೊಂಡರು. ಅಂಥದೊಂದು ಬಂಧನ ಕಾನೂನಿನಲ್ಲೇ ಇಲ್ಲ. ಲಿಫ್ಟಿನಲ್ಲಿ ಕೇಳಿದ್ದು ಒಂದೇ ಮಾತು: ‘ಇಷ್ಟು ಓದಿದವರು ಬಕ್ರಾ ಆದರಲ್ಲ!’ ಸೈಬರ್ ವಂಚನೆಗೆಂದೇ ಇರುವ 1930ಕ್ಕೆ ಎಷ್ಟು ಬೇಗ ಕರೆ ಹೋಗುತ್ತದೋ, ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮೇಷ್ಟ್ರು ನಾಚಿಕೆಯಲ್ಲಿ ಎರಡು ದಿನ ಮಗನಿಗೂ ಹೇಳಿರಲಿಲ್ಲ.

ಕಾನೂನೇ ವಾಸಿ, ಅದು ಬೊಟ್ಟು ಮಾಡುವುದು ಮೋಸಗಾರನ ಕಡೆಗೆ. 1860ರ ದಂಡಸಂಹಿತೆಯ 420ನೇ ಕಲಂ ಅವನಿಗೆ ಅಡ್ಡಹೆಸರೇ ಆಯಿತು. 2024ರ ಜುಲೈನಿಂದ ಆ ಜಾಗದಲ್ಲಿ 318 ಬಂದಿದೆ. ‘ಅವನೊಬ್ಬ ತ್ರೀ ಏಟೀನ್’ ಎಂದು ಬೈದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.