ಚಕ್ರದ ತೂಕ ಮತ್ತು ಎರಡು ಚೀಲ ಸೋನಾ ಮಸೂರಿ

ಸ್ಪೋರ್ಟ್ಸ್ ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ: ಚಕ್ರದಲ್ಲಿ ಒಂದು ಕಿಲೋ ಇಳಿಸಿದರೆ ಕಾರಿನ ಮೈಯಲ್ಲಿ ನಾಲ್ಕು ಕಿಲೋ ಇಳಿಸಿದಂತೆ. ಕೆಲವರ ಬಾಯಲ್ಲಿ ಆ ನಾಲ್ಕು ಹತ್ತಾಗುವುದೂ ಉಂಟು. ಅಮೆರಿಕದ ಮಿಷಿಗನ್ನಿನಲ್ಲಿ ಆರು ವರ್ಷಗಳಿಂದ ಮಾಜ್ಡಾ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು, ಬೇಸಿಗೆಯ ಭಾನುವಾರಗಳನ್ನು ಖಾಲಿ ಪಾರ್ಕಿಂಗ್ ಜಾಗಗಳಲ್ಲಿ ಕೋನ್‌ಗಳ ನಡುವೆ ಕಾರು ತಿರುಗಿಸುತ್ತ ಕಳೆಯುವ ನಾನೂ ಅದನ್ನು ಬಹುಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಹಗುರವಾದ ಚಕ್ರದಿಂದ ಲಾಭ ಖಂಡಿತ ಇದೆ. ಆದರೆ ಅದು ಕಾರು ಬೇಗ ವೇಗ ಹಿಡಿಯುವುದರಲ್ಲಿ ಇರುವುದಕ್ಕಿಂತ, ಟೈರು ನೆಲ ಬಿಡದಂತೆ ನೋಡಿಕೊಳ್ಳುವುದರಲ್ಲಿ ಹೆಚ್ಚಾಗಿದೆ.

ಕಾರು ಸಾಗುವಾಗ ಅದರ ಮೈ ಮುಂದಕ್ಕೆ ಹೋದರೆ ಸಾಕು. ಚಕ್ರವಾದರೋ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಹಾಗಾಗಿ ಚಕ್ರದ ತೂಕಕ್ಕೆ ಎಂಜಿನ್ ಎರಡು ಸಲ ಸುಂಕ ಕಟ್ಟುತ್ತದೆ ಎಂಬುದು ನಿಜ. ಆದರೆ ಎರಡನೆಯ ಸುಂಕ ಎಷ್ಟು ಎಂಬುದು ಆ ತೂಕ ಅಚ್ಚಿನಿಂದ (ಆಕ್ಸಲ್) ಎಷ್ಟು ದೂರದಲ್ಲಿದೆ ಎನ್ನುವುದರ ಮೇಲೆ, ಅದೂ ದೂರದ ವರ್ಗದ (ದೂರವನ್ನು ದೂರದಿಂದಲೇ ಗುಣಿಸಿದ) ಲೆಕ್ಕದಲ್ಲಿ, ನಿಂತಿದೆ. ನನ್ನ ಕಾರಿನ 195/50 ಆರ್16 ಅಳತೆಯ ಟೈರಿನ ಹೊರಮೈ ಅಚ್ಚಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿದೆ, ರಿಮ್ಮಿನ ಅಂಚು ಸುಮಾರು 20 ಸೆಂ.ಮೀ. ದೂರದಲ್ಲಿದೆ. 20ನ್ನು 30ರಿಂದ ಭಾಗಿಸಿ ವರ್ಗ ಮಾಡಿದರೆ 0.44 ಬರುತ್ತದೆ. ಅಂದರೆ ರಿಮ್ಮಿನ ತುತ್ತತುದಿಯಲ್ಲಿ ಒಂದು ಕಿಲೋ ಕೆರೆದು ತೆಗೆದರೂ ಅದು ಮೈಯ 1.44 ಕಿಲೋಗೆ ಸಮ. ನಡುವಿನ ಕಡ್ಡಿಗಳಲ್ಲಿ ತೆಗೆದರೆ ಇನ್ನೂ ಕಡಿಮೆ. ನೆಲಕ್ಕೆ ತಾಗುವ ಟೈರಿನ ಮೈಯಲ್ಲೇ ತೆಗೆದರೂ ಎರಡನ್ನು ಮೀರುವುದಿಲ್ಲ. ನಾಲ್ಕು, ಹತ್ತು ಎಂಬ ಅಂಕಿಗಳು ರಿಮ್ ಮಾರುವವರ ಬಾಯಲ್ಲಿ ಹುಟ್ಟಿದವಿರಬೇಕು.

ನಾನೇ ತೂಗಿ ನೋಡಿದೆ. ಬಾತ್‌ರೂಮಿನಲ್ಲಿದ್ದ ತೂಕದ ಯಂತ್ರವನ್ನು ಗ್ಯಾರೇಜಿಗೆ ತಂದು, ಮೊದಲು ಒಬ್ಬನೇ ನಿಂತು, ಆಮೇಲೆ ಚಕ್ರವನ್ನು ಎದೆಗವಚಿಕೊಂಡು ನಿಂತು, ವ್ಯತ್ಯಾಸವನ್ನು ಬರೆದುಕೊಂಡೆ. ಕಾರಿನೊಂದಿಗೆ ಬಂದಿದ್ದ 17 ಇಂಚಿನ ಚಕ್ರ ಟೈರಿನ ಸಮೇತ 17.2 ಕಿಲೋ ಇತ್ತು. ಈಗ ಹಾಕಿರುವ 16 ಇಂಚಿನ ಫೋರ್ಜ್ಡ್ (ಲೋಹವನ್ನು ಅದುಮಿ ರೂಪಿಸಿದ) ಚಕ್ರ ಟೈರಿನ ಸಮೇತ 13.8 ಕಿಲೋ ಇದೆ. ನಾಲ್ಕೂ ಸೇರಿ 13.6 ಕಿಲೋ ಉಳಿಯಿತು. ರಿಮ್ಮಿನ ಪಾಲು, ಟೈರಿನ ಪಾಲು ಎಂದು ಬಿಡಿಸಿ ಲೆಕ್ಕ ಹಾಕಿದರೆ ಮೈಯಿಂದ ಸುಮಾರು 20 ಕಿಲೋ ಇಳಿಸಿದಂತಾಯಿತು. ಇಲ್ಲಿನ ಭಾರತೀಯ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲ ಎರಡು, ಮೇಲೊಂದು ಪೊಟ್ಟಣ ತೊಗರಿಬೇಳೆ. ನನ್ನನ್ನೂ ಸೇರಿಸಿ ಸುಮಾರು 1,150 ಕಿಲೋ ತೂಗುವ ಕಾರಿನಲ್ಲಿ ಇದು ಶೇ. 2ಕ್ಕಿಂತ ಕಡಿಮೆ, ಗಂಟೆಗೆ 100 ಕಿ.ಮೀ. ಮುಟ್ಟುವ ಹೊತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗದ ಗಳಿಕೆ. ಕಾಗದವನ್ನು ಇಣುಕಿ ನೋಡಿದ ನನ್ನ ಹೆಂಡತಿ, "ಇದಕ್ಕಿಂತ ನನ್ನನ್ನ ಮನೇಲೇ ಬಿಟ್ಟು ಹೋದ್ರೆ ಮೂರರಷ್ಟು ಲಾಭ ಅಲ್ವೇನ್ರೀ?" ಎಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಆದರೂ ಆ ಚಕ್ರಗಳಿಗೆ ಕೊಟ್ಟ ಹಣದ ಬಗ್ಗೆ ನನಗೆ ವಿಷಾದವಿಲ್ಲ. ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಚಕ್ರ, ಟೈರು, ಬ್ರೇಕು, ಹಬ್ ಇವೆಲ್ಲ ಸ್ಪ್ರಿಂಗಿನ ಕೆಳಗಿದ್ದು ರಸ್ತೆಯ ಏಟನ್ನು ಮೊದಲು ತಿನ್ನುತ್ತವೆ. ಉಬ್ಬಿಗೆ ತಾಗಿ ಮೇಲಕ್ಕೆದ್ದ ಚಕ್ರವನ್ನು ಮತ್ತೆ ನೆಲಕ್ಕೆ ಒತ್ತುವುದು ಸ್ಪ್ರಿಂಗಿನ ಕೆಲಸ, ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಮೈ ಸೆಕೆಂಡಿಗೆ ಒಂದೋ ಒಂದೂವರೆಯೋ ಸಲ ತೂಗಿದರೆ ಚಕ್ರ ಹತ್ತು ಹನ್ನೆರಡು ಸಲ ಕುಣಿಯುತ್ತದೆ, ಆ ಕುಣಿತದಲ್ಲಿ ಟೈರು ನೆಲವನ್ನು ಒತ್ತುವ ಬಲ ಏರಿಳಿಯುತ್ತದೆ, ಬಲ ಇಳಿದ ಕ್ಷಣದಲ್ಲಿ ಹಿಡಿತವೂ ಇಳಿಯುತ್ತದೆ. ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಕೆಳಗಿರುವ ತೂಕ ಸುಮಾರು 35 ಕಿಲೋ ಎಂದಿಟ್ಟುಕೊಂಡರೆ ನಾನು ಉಳಿಸಿದ 3.4 ಕಿಲೋ ಅದರಲ್ಲಿ ಹತ್ತಿರಹತ್ತಿರ ಹತ್ತನೇ ಒಂದು ಪಾಲು. ಇಡೀ ಕಾರಿನ ಲೆಕ್ಕದಲ್ಲಿ ಕಣ್ಣಿಗೇ ಬೀಳದ ತೂಕ ಇಲ್ಲಿ ದೊಡ್ಡದಾಗುತ್ತದೆ.

ನಮ್ಮ ಮನೆಯಿಂದ ಹೆದ್ದಾರಿಗೆ ಸೇರುವ ಬಲ ತಿರುವಿನ ನಡುವೆ ಕಾಂಕ್ರೀಟ್ ಹಾಸುಗಳು ಕೂಡುವಲ್ಲಿ ಒಂದು ಏಣು ಇದೆ. ಹಳೆಯ ಚಕ್ರಗಳಿದ್ದಾಗ ಅಲ್ಲಿ ಕಾರಿನ ಹಿಂಭಾಗ ನಾಲ್ಕು ಬೆರಳಿನಷ್ಟು ಹೊರಕ್ಕೆ ಹಾರಿ ಕೂರುತ್ತಿತ್ತು, ಸ್ಟೀರಿಂಗ್ ಹಿಡಿದ ಕೈ ತಾನಾಗಿ ಬಿಗಿಯಾಗುತ್ತಿತ್ತು. ಈಗ "ಟಪ್" ಎಂಬ ಸದ್ದು ಮಾತ್ರ ಬರುತ್ತದೆ, ಕಾರು ತನ್ನ ಗೆರೆ ಬಿಡುವುದಿಲ್ಲ. ಇದೇ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿ ತಯಾರಾದ ಫೋರ್ಡ್ ಮಸ್ಟ್ಯಾಂಗ್ ಶೆಲ್ಬಿ ಜಿಟಿ350ಆರ್‌ಗೆ ಆಸ್ಟ್ರೇಲಿಯಾದ ಕಾರ್ಬನ್ ರೆವಲ್ಯೂಷನ್ ಸಂಸ್ಥೆಯ ಕಾರ್ಬನ್ ಫೈಬರ್ ಚಕ್ರಗಳನ್ನು ಹಾಕಿದಾಗ, ಸುಮಾರು 15 ಕಿಲೋ ತೂಗುವ ಅಲ್ಯೂಮಿನಿಯಂ ಚಕ್ರದ ಜಾಗಕ್ಕೆ 8 ಕಿಲೋ ಚಿಲ್ಲರೆಯ ಚಕ್ರ ಬಂದಿತು. ಚಕ್ರಗಳು ಅಷ್ಟು ಚುರುಕಾಗಿ ಏರಿಳಿಯತೊಡಗಿದ್ದರಿಂದ ಎಂಜಿನಿಯರುಗಳು ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಮತ್ತೆ ಹೊಂದಿಸಬೇಕಾಯಿತು.

ಫೋರ್ಜ್ಡ್ ಚಕ್ರಗಳನ್ನು ಕೊಳ್ಳುವ ಮೊದಲು ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಬೇಕು. ಅರ್ಧ ಬೆಲೆಗೆ ಸಿಕ್ಕಿದ, ತೂಕದಲ್ಲೂ ಹಗುರವಾಗಿದ್ದ ಎರಕದ ರಿಮ್‌ಗಳನ್ನು ತಂದು ಹಾಕಿಸಿದ್ದೆ. ಮಿಷಿಗನ್ನಿನಲ್ಲಿ ಮಾರ್ಚ್ ಎಂದರೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ರಸ್ತೆಗಳೆಲ್ಲ ಗುಂಡಿ ಬೀಳುವ ತಿಂಗಳು; ಬೆಂಗಳೂರಿನಲ್ಲಿ ಬೈಕ್ ಓಡಿಸಿ ಕಲಿತ ಕಣ್ಣಿಗೂ ಒಂದು ಗುಂಡಿ ತಪ್ಪಿತು. ಆಮೇಲೆ ಮೂರು ದಿನಕ್ಕೊಮ್ಮೆ ಗಾಳಿ ತುಂಬಿಸಬೇಕಾಯಿತು. ಟೈರಿನಲ್ಲಿ ಮೊಳೆ ಕಾಣಲಿಲ್ಲ. ಸೋಪಿನ ನೀರು ಸವರಿದಾಗ ರಿಮ್ಮಿನ ಒಳಬದಿಯಲ್ಲಿ, ಕೂದಲೆಳೆಯಂಥ ಬಿರುಕಿನ ಉದ್ದಕ್ಕೂ, ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದಾಗಿ ಎದ್ದವು. ಕರಗಿಸಿ ಎರಕದ ಅಚ್ಚಿಗೆ ಸುರಿದ ಲೋಹವನ್ನು ಹಗುರ ಮಾಡಲು ತೆಳುವಾಗಿಸಿದರೆ ಅದು ಏಟು ತಾಳುವುದಿಲ್ಲ. ಭಾರೀ ಒತ್ತಡದಲ್ಲಿ ಅದುಮಿ ರೂಪಿಸಿದ ಲೋಹ ತೆಳುವಾಗಿದ್ದೂ ಗಟ್ಟಿಯಾಗಿರುತ್ತದೆ. ಅರುವತ್ತರ ದಶಕದಲ್ಲಿ ಪೋರ್ಷೆ 911 ಎಸ್‌ಗೆಂದು ಓಟೋ ಫುಕ್ಸ್ ಕಂಪನಿ ಹೀಗೆ ಅದುಮಿ ಮಾಡಿಕೊಟ್ಟ ಚಕ್ರಗಳ ಹೆಸರು ಇಂದಿಗೂ ಉಳಿದಿರುವುದು ಅಂದಕ್ಕಾಗಿ ಮಾತ್ರವಲ್ಲ.

ನನಗೆ ಸಿಟ್ಟು ಬರುವುದು ಇಂದಿನ ಸ್ಪೋರ್ಟ್ಸ್ ಕಾರುಗಳ 20, 21 ಇಂಚಿನ ಚಕ್ರಗಳನ್ನು ನೋಡಿದಾಗ. ದೊಡ್ಡ ಬ್ರೇಕಿಗೆ ಜಾಗ ಬೇಕು ಎಂಬುದನ್ನು ಒಪ್ಪಬಹುದು, ಆದರೆ ಅದರಲ್ಲಿ ಬಹುಪಾಲು ಶೋಕಿಯೇ. ಮೊದಲು ಚಕ್ರವನ್ನು ದಪ್ಪ ಮಾಡಿ, ಆಮೇಲೆ ಅದನ್ನು ತೆಳ್ಳಗೆ ಮಾಡಲು ಹಣ ಕೇಳುತ್ತಾರೆ: 2017ರಲ್ಲಿ ಪೋರ್ಷೆ 911 ಟರ್ಬೋ ಎಸ್‌ನ ವಿಶೇಷ ಆವೃತ್ತಿಗೆ ಬಂದ ಕಾರ್ಬನ್ ಚಕ್ರಗಳು ನಾಲ್ಕೂ ಸೇರಿ 8.5 ಕಿಲೋ ಉಳಿಸುತ್ತಿದ್ದವು, ಬೆಲೆ 15,000 ಯೂರೋಗೂ ಮೇಲೆ. ಎಂಎಕ್ಸ್-5ರ ಈಗಿನ ಪೀಳಿಗೆಯಲ್ಲಿ ಮಾಜ್ಡಾದವರು ಹಿಂದಿನ ಪೀಳಿಗೆಯಲ್ಲಿ ಚಕ್ರಕ್ಕಿದ್ದ ಐದು ಬೋಲ್ಟುಗಳ ಬದಲು ನಾಲ್ಕಕ್ಕೆ ಇಳಿದದ್ದು ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಜಾಣತನ.

ಟೈರಿನ ತೂಕವನ್ನಂತೂ ಯಾರೂ ಕೇಳುವುದೇ ಇಲ್ಲ, ಅಚ್ಚಿನಿಂದ ಅತಿ ದೂರದಲ್ಲಿರುವ ತೂಕ ಅದೇ ಆಗಿದ್ದರೂ. ಟೈರಿನ ಅಂಗಡಿಯಲ್ಲಿ ನಾನು ಎರಡನೆಯ ಸಲ ಕೇಳಿದ ಮೇಲೆ ಅಂಗಡಿಯವ ಒಳಗೆ ಹೋಗಿ ಕಂಪ್ಯೂಟರ್ ನೋಡಿ ಬಂದ. ಈ ಸಲ ನನಗೆ ಒಪ್ಪಿಗೆಯಾದ ಟೈರು ಹಳೆಯದಕ್ಕಿಂತ ತಲಾ ಅರ್ಧ ಕಿಲೋ ಹೆಚ್ಚು ಭಾರವಿದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ಹೆಚ್ಚು. ಅದನ್ನೇ ಹಾಕಿಸಿಕೊಂಡು ಬಂದೆ.