ಸಿಂಗಾಪುರದ ಜಮೀನಿನ ಲೆಕ್ಕ

ಎಸ್.ಎಂ. ಕೃಷ್ಣ ಅವರ ಕಾಲದಿಂದ ಕೇಳುತ್ತಿದ್ದೇವೆ, ಬೆಂಗಳೂರನ್ನು ಸಿಂಗಾಪುರ ಮಾಡ್ತೀವಿ ಅಂತ. ಪಕ್ಷ ಯಾವುದೇ ಇರಲಿ, ಚುನಾವಣೆ ಹತ್ತಿರ ಬಂತು ಅಂದರೆ ಸಿಂಗಾಪುರವೂ ಬಂತು. ಕೇಳಿಸಿಕೊಳ್ಳುವ ನಾವೂ ಕಡಿಮೆ ಇಲ್ಲ. ಕಸ ಎಸೆದರೆ ದಂಡ, ಚ್ಯೂಯಿಂಗ್ ಗಮ್ ನಿಷೇಧ, ಮೆಟ್ರೋ, ಏರ್‌ಪೋರ್ಟ್. ಇಷ್ಟೇ ನಮಗೆ ಗೊತ್ತಿರುವ ಸಿಂಗಾಪುರ. ಜೊತೆಗೆ 'ನಮಗೂ ಒಬ್ಬ ಲೀ ಕುವಾನ್ ಯೂ ಬೇಕಿತ್ತು' ಅನ್ನೋ ನಿಟ್ಟುಸಿರು ಬೇರೆ. ಸಿಂಗಾಪುರದ ಮೊದಲ ಪ್ರಧಾನಿಯಾಗಿದ್ದ ಆ ಮನುಷ್ಯ ಜಮೀನಿನ ವಿಷಯದಲ್ಲಿ ಏನು ಮಾಡಿದರು ಅಂತ ಗೊತ್ತಾದರೆ, ಹೀಗೆ ನಿಟ್ಟುಸಿರು ಬಿಡುವವರಲ್ಲಿ ಅರ್ಧ ಜನ ಹೌಹಾರುತ್ತಾರೆ.

1959ರಲ್ಲಿ ಸಿಂಗಾಪುರಕ್ಕೆ ಸ್ವಯಮಾಡಳಿತ ಸಿಕ್ಕಿತು. ಲೀ ಅವರ ಪೀಪಲ್ಸ್ ಆ್ಯಕ್ಷನ್ ಪಾರ್ಟಿ 51ರಲ್ಲಿ 43 ಸೀಟು ಗೆದ್ದಿತು. ಆಗ ಊರು ನೋಡುವ ಹಾಗಿರಲಿಲ್ಲ. ಚೈನಾಟೌನಿನಲ್ಲಿ ಕೆಳಗೆ ಅಂಗಡಿ, ಮೇಲಿನ ಮಹಡಿಗೆ ಹಲಗೆ ಅಡ್ಡ ಹೊಡೆದು ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ಸಂಸಾರ. ಅದರಾಚೆ ಕಂಪೊಂಗ್‌ಗಳು, ಅಂದರೆ ಗರಿ, ತಗಡು, ಹಲಗೆಯ ಮನೆಗಳು ಒತ್ತೊತ್ತಾಗಿ ಬೆಳೆದ ಹಳ್ಳಿಗಳು. ಬ್ರಿಟಿಷರ ಇಂಪ್ರೂವ್‌ಮೆಂಟ್ ಟ್ರಸ್ಟ್ 32 ವರ್ಷದಲ್ಲಿ ಕಟ್ಟಿದ್ದು ಸುಮಾರು 23 ಸಾವಿರ ಮನೆ. 1960ರಲ್ಲಿ ಶುರುವಾದ ವಸತಿ ಮಂಡಳಿ, ಎಲ್ಲರ ಬಾಯಲ್ಲಿ ಎಚ್‌ಡಿಬಿ, ಮೊದಲ ಐದು ವರ್ಷದಲ್ಲೇ 50 ಸಾವಿರ ದಾಟಿತು.

1961ರ ಮೇ 25ರಂದು ಬುಕಿತ್ ಹೋ ಸ್ವೀ ಅನ್ನೋ ಕಂಪೊಂಗಿಗೆ ಬೆಂಕಿ ಬಿತ್ತು. ಸತ್ತವರು ನಾಲ್ಕು ಜನ. ಬೀದಿಗೆ ಬಿದ್ದವರು ಸುಮಾರು 16 ಸಾವಿರ. ಸರ್ಕಾರ ಆ ಜಾಗವನ್ನು ವಶಕ್ಕೆ ತೆಗೆದುಕೊಂಡು, ಅಲ್ಲೇ ಸಾಲು ಸಾಲು ಫ್ಲ್ಯಾಟ್ ಎಬ್ಬಿಸಿತು. ಸರ್ಕಾರವೇ ಬೆಂಕಿ ಹಾಕಿಸಿತು ಅನ್ನೋ ಗುಸುಗುಸು ಆಗಲೂ ಇತ್ತು, ಆಮೇಲೂ ಇತ್ತು. ಪುರಾವೆ ಇಲ್ಲ. ಆದರೆ ಅಂಥ ಅನುಮಾನ ಜನರ ತಲೆಯಲ್ಲಿ ಹುಟ್ಟಿತು ಅನ್ನೋದೇ ಆಗಿನ ಒಕ್ಕಲೆಬ್ಬಿಸುವಿಕೆ ಹೇಗಿತ್ತು ಅಂತ ಹೇಳುತ್ತದೆ. ಕಂಪೊಂಗಿನಿಂದ ಬಂದವರಲ್ಲಿ ಕೆಲವರು ಕೋಳಿ, ಬಾತುಕೋಳಿ, ಹಂದಿಗಳನ್ನೂ ಫ್ಲ್ಯಾಟಿಗೆ ಕರೆತಂದರಂತೆ. ಲೀ ಅವರೇ ಬರೆದುಕೊಂಡಿದ್ದಾರೆ.

ಇಷ್ಟು ಮನೆ ಕಟ್ಟೋಕೆ ಜಮೀನು ಎಲ್ಲಿಂದ ಬಂತು? ಕಿತ್ತುಕೊಂಡರು. ಇದಕ್ಕೆ ಮೆದುವಾದ ಮಾತು ನನಗೆ ಸಿಗುತ್ತಿಲ್ಲ. 1966ರಲ್ಲಿ ಭೂಸ್ವಾಧೀನ ಕಾಯ್ದೆ ಬಂತು. 1973ರಲ್ಲಿ ಅದಕ್ಕೊಂದು ತಿದ್ದುಪಡಿ: ಪರಿಹಾರ ಕೊಡೋದು ಆ ವರ್ಷದ ನವೆಂಬರ್ 30ರ ಬೆಲೆ ಅಥವಾ ನೋಟಿಫಿಕೇಷನ್ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ 1980ರಲ್ಲಿ ನಿಮ್ಮ ಜಮೀನಿಗೆ ಎಷ್ಟೇ ಬೆಲೆ ಏರಿರಲಿ, ಕೈಗೆ ಬರುವುದು 1973ರ ರೇಟು. ಲೀ ಅವರ ವಾದ ನೇರವಾಗಿತ್ತು. ಜನರ ದುಡ್ಡಿನಲ್ಲಿ ರಸ್ತೆ, ನೀರು, ಬಂದರು ಮಾಡಿ ಬೆಲೆ ಏರಿಸಿದ್ದು ಸರ್ಕಾರ. ಸುಮ್ನೆ ಕೂತಿದ್ದ ಜಮೀನ್ದಾರನಿಗೆ ಅದರ ಲಾಭ ಯಾಕೆ? 1960ರಲ್ಲಿ ಶೇ. 44ರಷ್ಟು ಭೂಮಿ ಸರ್ಕಾರದ್ದಾಗಿತ್ತು, 1985ರ ಹೊತ್ತಿಗೆ ಶೇ. 76. ಪೂರ್ತಿ ಮಾರುಕಟ್ಟೆ ಬೆಲೆ ಕೊಡಲು ಒಪ್ಪಿದ್ದು 2007ರಲ್ಲಿ.

ನನಗೆ ಈ ವಾದ ಸರಿ ಅನ್ನಿಸುತ್ತದೆ. ಹೌದು, ಬೈಯುವವರು ಬೈಯಿರಿ. ನಮ್ಮಲ್ಲಿ ರಿಂಗ್ ರೋಡು ಬರುತ್ತೆ ಅನ್ನೋ ಸುಳಿವು ಮೊದಲು ಸಿಗುವುದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಲೇಔಟಿಗೆ ಅಂತ ನೋಟಿಫೈ ಮಾಡಿದ ಜಮೀನು ಹೇಗೆ ಡಿನೋಟಿಫೈ ಆಗುತ್ತದೆ ಅಂತಲೂ ಗೊತ್ತು. ವೇದಿಕೆ ಮೇಲೆ ಸಿಂಗಾಪುರ ಮಾಡ್ತೀವಿ ಅನ್ನುವವರಲ್ಲಿ 1973ರ ಆ ತಿದ್ದುಪಡಿಯನ್ನು ತಮ್ಮ ಸ್ವಂತ ಎಕರೆಗಳಿಗೆ ಒಪ್ಪುವವರು ಎಷ್ಟು ಜನ?

ಆದರೆ ಇಂಥ ಕಾಯ್ದೆ ಅಲ್ಲಿ ಅಷ್ಟು ಸಲೀಸಾಗಿ ನಿಂತಿದ್ದಕ್ಕೆ ಇನ್ನೊಂದು ಕಾರಣ ಇದೆ. ಲೀ ಅವರ ಅಭಿಮಾನಿಗಳು ಇದನ್ನು ಹಾರಿಸಿಬಿಡುತ್ತಾರೆ. ಎದುರು ನಿಲ್ಲುವವರು ಜೈಲಿನಲ್ಲಿದ್ದರು. 1963ರ ಫೆಬ್ರವರಿ 2ರಂದು 'ಆಪರೇಷನ್ ಕೋಲ್ಡ್‌ಸ್ಟೋರ್' ಹೆಸರಿನಲ್ಲಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನು, ಕಾರ್ಮಿಕ ನಾಯಕರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದರು. ಹೀಗೆ ಹಿಡಿದು ಕೂಡಿಹಾಕುವ ಕಾನೂನು ಬ್ರಿಟಿಷರ ಕಾಲದ್ದು. ಅವರು ಹೋದರು, ಕಾನೂನು ಉಳಿಯಿತು. 1966ರಲ್ಲಿ ಬಂಧನವಾದ ಚಿಯಾ ಥೈ ಪೋ ಸಂಸದರಾಗಿದ್ದವರು. 23 ವರ್ಷ ಜೈಲು, ಆಮೇಲೆ ಸೆಂಟೋಸಾ ದ್ವೀಪದಲ್ಲಿ ನಿರ್ಬಂಧ, ಎಲ್ಲ ಮುಗಿದದ್ದು 1998ರಲ್ಲಿ. ಒಮ್ಮೆಯೂ ಕೋರ್ಟಿನಲ್ಲಿ ವಿಚಾರಣೆ ನಡೆಯಲಿಲ್ಲ. ಇವತ್ತು ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುವ ಅದೇ ಸೆಂಟೋಸಾ.

1968ರ ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ 58ಕ್ಕೆ 58. ಸಂಸತ್ತಿನಲ್ಲಿ ವಿರೋಧ ಪಕ್ಷದ ಒಬ್ಬ ಸದಸ್ಯನನ್ನು ನೋಡೋಕೆ 1981ರವರೆಗೆ ಕಾಯಬೇಕಾಯಿತು. ಆಗ ಗೆದ್ದವರು ತಮಿಳು ಮೂಲದ ಜೆ.ಬಿ. ಜೆಯರತ್ನಂ. ಮನೆ ಕೊಟ್ಟ ಸರ್ಕಾರಕ್ಕೆ ಮತದಾರರನ್ನು ಹಿಡಿದಿಡಲು ಆ ಮನೆಯೇ ಲಗಾಮೂ ಆಯಿತು. 1997ರ ಚುನಾವಣೆಯಲ್ಲಂತೂ ಮುಚ್ಚುಮರೆ ಇಲ್ಲ: ನಮಗೆ ವೋಟು ಹಾಕಿದ ಕಡೆ ಹಳೇ ಫ್ಲ್ಯಾಟುಗಳ ರಿಪೇರಿ ಮೊದಲು, ಉಳಿದವರು ಕಾಯಿರಿ.

ಇನ್ನು ಜನಾಂಗದ ವಿಷಯ. 1964ರಲ್ಲಿ ಮಲಯರು, ಚೀನೀಯರ ನಡುವೆ ಗಲಭೆಯಾಗಿ ಹೆಣ ಬಿದ್ದಿದ್ದವು. ಮರುವರ್ಷ ಆಗಸ್ಟ್ 9ಕ್ಕೆ ಮಲೇಷ್ಯಾದಿಂದ ಬೇರೆಯಾದದ್ದು. 1989ರಿಂದ ಎಚ್‌ಡಿಬಿಯಲ್ಲಿ ಒಂದು ನಿಯಮ ಇದೆ. ಪ್ರತಿ ಬ್ಲಾಕಿನಲ್ಲೂ ಯಾವ ಜನಾಂಗದವರು ಎಷ್ಟು ಮನೆ ಕೊಳ್ಳಬಹುದು ಅನ್ನೋದಕ್ಕೆ ಮಿತಿ. ಬ್ಲಾಕಿನ ಕೆಳಗಿನ ಒಂದೇ ತೆರೆದ ಅಂಗಳದಲ್ಲಿ ಇವತ್ತು ಮಲಯರ ಮದುವೆ, ನಾಳೆ ಚೀನೀಯರ ಸಾವಿನ ವಿಧಿ. ನಮ್ಮಲ್ಲಿ ಬಾಡಿಗೆಗೆ ಮನೆ ಕೇಳಿದರೆ 'ನೀವು ಯಾವ ಜನ? ನಾನ್‌ವೆಜ್ ತಿಂತೀರಾ?' ಅಂತ ಶುರುವಾಗುತ್ತದೆ. ಅದಕ್ಕಿಂತ ಇದು ವಾಸಿ ಅಲ್ವಾ? ಆದರೆ ಹೊಡೆತ ಬೀಳುವುದು ಮತ್ತೆ ಕಡಿಮೆ ಸಂಖ್ಯೆಯವರಿಗೇ. ಚೀನೀಯರ ಮಿತಿ ತುಂಬಿದ ಬ್ಲಾಕಿನಲ್ಲಿ ಭಾರತೀಯ ಮೂಲದವನು ಮನೆ ಮಾರಬೇಕಾದರೆ ಕೊಳ್ಳುವವರು ಕಡಿಮೆ, ರೇಟೂ ಕಡಿಮೆ. ಇನ್ನು ಖಾಸಗಿಯಾಗಿ ಮನೆ ಬಾಡಿಗೆಗೆ ಕೊಡುವವರಲ್ಲಿ 'ಭಾರತೀಯರಿಗೆ ಇಲ್ಲ' ಅಂತ ಜಾಹೀರಾತು ಹಾಕುವವರು ಅಲ್ಲೂ ಇದ್ದಾರೆ.

ಈಗ ಅಲ್ಲಿ ಶುರುವಾಗಿರುವ ತಕರಾರು ನೋಡಿ. ಎಚ್‌ಡಿಬಿ ಮನೆ ಸ್ವಂತದ್ದು ಅಂದರೂ ಅದು 99 ವರ್ಷದ ಲೀಸ್. ಅವಧಿ ಮುಗಿದರೆ ಮನೆ ಸರ್ಕಾರಕ್ಕೆ ವಾಪಸ್, ಒಂದು ಡಾಲರೂ ಸಿಗಲ್ಲ ಅಂತ 2017ರಲ್ಲಿ ಮಂತ್ರಿಗಳೇ ಹೇಳಿದರು. ಜನ ಬೆಚ್ಚಿದರು. ಗೇಲಾಂಗ್ ಬಡಾವಣೆಯಲ್ಲಿ 60 ವರ್ಷದ ಲೀಸಿನ 191 ಖಾಸಗಿ ಮನೆಗಳು 2020ರ ಕೊನೆಗೆ ಹಾಗೇ ಪರಿಹಾರವಿಲ್ಲದೆ ವಾಪಸ್ ಹೋದವು. ಎಚ್‌ಡಿಬಿಯ ಹಳೇ ಬ್ಲಾಕುಗಳ ಸರದಿ ಬರೋಕೆ ಇನ್ನೂ ಹಲವು ದಶಕ ಇದೆ. ಆದರೆ ಸಾಲ ತೀರಿಸಿ, ಇದೇ ನನ್ನ ಪಿಂಚಣಿ ಅಂತ ನಂಬಿಕೊಂಡ ಮುದುಕರ ಮನೆಗೆ ರೇಟು ಈಗಲೇ ಇಳಿಯೋಕೆ ಶುರುವಾದರೆ ಏನು ಮಾಡೋದು? ಸುಮಾರು 70 ವರ್ಷ ಆದ ಬ್ಲಾಕಿನವರು ಮತ ಹಾಕಿ ಮನೆಯನ್ನು ಸರ್ಕಾರಕ್ಕೇ ಮಾರಬಹುದು ಅನ್ನೋ ಯೋಜನೆಯನ್ನು 2018ರಲ್ಲಿ ಪ್ರಕಟಿಸಿದ್ದಾರೆ. ಕೊಡುವ ಮೊತ್ತ, ಸರ್ಕಾರವೇ ಆರಿಸಿದ ಹಳೇ ಬ್ಲಾಕುಗಳನ್ನು ಕೆಡವುವ ಪುನರ್‌ನಿರ್ಮಾಣ ಯೋಜನೆಯಷ್ಟು ಧಾರಾಳವಾಗಿರಲ್ಲ ಅಂತಲೂ ಹೇಳಿಬಿಟ್ಟಿದ್ದಾರೆ. ಹಿಂದೆ ಜಮೀನ್ದಾರರು ಕೇಳುತ್ತಿದ್ದ 'ಎಷ್ಟು ಕೊಡ್ತೀರಿ' ಅನ್ನೋ ಪ್ರಶ್ನೆಯನ್ನು ಈಗ ಫ್ಲ್ಯಾಟಿನವರು ಕೇಳುತ್ತಿದ್ದಾರೆ. ಈ ಸಲ ಎದುರಿಗೆ ಇರುವುದು ಒಂದಿಷ್ಟು ಜಮೀನ್ದಾರರಲ್ಲ, ದೇಶದ ಮುಕ್ಕಾಲು ಪಾಲು ಮತದಾರರು.