ಅಜ್ಜಿಯ ನಂಬಿಕೆ ಆಸ್ತಿಯಂತೆ ಬರುವುದಿಲ್ಲ
ಕ್ರೈಸ್ತ ಮನೆಯಲ್ಲಿ ಹುಟ್ಟಿ ದೀಕ್ಷಾಸ್ನಾನ ಆಗಿದ್ದರೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಕ್ಕಂತೆಯೇ ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನನ್ನೇ ನೋಡಿ. ಒಳ್ಳೆ ಕೆಲಸ ಮಾಡೋಣ ಅಂದರೆ ಅವನ ಕೈಕಾಲು ಸ್ವತಂತ್ರವಾಗಿರಲಿಲ್ಲ. ‘ನನ್ನನ್ನು ನೆನಪಿಸಿಕೋ’ ಎಂದು ತಾನೇ ಯೇಸುವನ್ನು ಕೇಳಿದ, ಅಷ್ಟೇ. ಅದೇ ದಿನ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವೆ ಎಂಬ ಮಾತು ಸಿಕ್ಕಿತು.

ಹಾಗಂತ ನಂಬಿಕೆ ನಾವು ಕೊಡುವ ಬೆಲೆಯೂ ಅಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆ 2:8 ಓದಿ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನಂಬಿಕೆ ಅಂದರೆ ಚಾಚಿದ ಬರಿಗೈ ಅಲ್ವಾ? ರಕ್ಷಣೆ ಕೃಪೆಯಿಂದಲೇ ಎಂಬುದಕ್ಕೆ 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ರೈಸ್ತರ ಎರಡು ಪಂಗಡಗಳಾದ ಕ್ಯಾಥೊಲಿಕರು, ಲುಥೆರನ್ನರು ಒಟ್ಟಿಗೆ ಸಹಿ ಹಾಕಿದರು.

ನನ್ನ ಅಜ್ಜಿ ದಿನಾ ಒಲೆ ಹಚ್ಚುವ ಮುಂಚೆ ಕಣ್ಣು ಮುಚ್ಚಿ, ‘ಸ್ವಾಮಿ, ನಿನ್ನನ್ನೇ ನಂಬಿದ್ದೇನೆ’ ಅನ್ನುತ್ತಿದ್ದರು. ಆ ಮಾತು ನನ್ನದಾಗಲು ನಾನೇ ಹೇಳಬೇಕಾಯಿತು, ಅದೂ ನಲವತ್ತು ದಾಟಿದ ಮೇಲೆ.